ಟೀ ಬ್ಯಾಗಿನ ಅಂಚಿನ ಹೊಲಿಗೆ

ಅಪ್ಪಾ,

ಬೆಳಗಿನ ಮೊದಲ ಬಸ್ಸಿಗೆ ಇವತ್ತು ನಾನೇ ಕಂಡಕ್ಟರ್, ಹೊರಟೆ. ಒಳ್ಳೇ ನಿದ್ದೇಲಿದ್ರಿ, ಎಬ್ಬಿಸಲಿಲ್ಲ. ಅಡುಗೆ ಮುಚ್ಚಿಟ್ಟಿದ್ದೀನಿ, ಬಿಸಿ ಮಾಡಿಕೊಂಡು ತಿನ್ನಿ. ಬಿಪಿ ಮಾತ್ರೆ ತಿಂಡಿ ಆದಮೇಲೆ.

ಇನ್ನು ನಿಮ್ಮ ಗ್ರೀನ್ ಟೀ ವಿಷಯ. ಮೊದಲೆಲ್ಲ ಕಷಾಯ ಅಂತ ಮುಖ ಸಿಂಡರಿಸ್ತಿದ್ದವರು ಈಗ ಚಪ್ಪರಿಸಿಕೊಂಡು ಕುಡೀತಿದ್ದಾಗಲೇ ನನಗೆ ಅನುಮಾನ ಬರಬೇಕಿತ್ತು. ಹೃದಯಕ್ಕೆ ಒಳ್ಳೇದು, ಕೊಬ್ಬು ಕರಗುತ್ತೆ, ಮೈ ಹಗುರಾಗುತ್ತೆ ಅಂತ ಪಕ್ಕದ ಮನೆಯವರಿಗೆ ಭಾಷಣ ಬೇರೆ. ಇವತ್ತು ತಲೆನೋವು ಅಂತ ನಿಮ್ಮ ಡಬ್ಬದಿಂದ ಒಂದು ಟೀ ಬ್ಯಾಗ್ ತೆಗೆದು ಬಿಸಿನೀರಿಗೆ ಹಾಕಿದೆ. ಲೋಟ ಕಪ್ಪಗಾಯ್ತು, ಸಾಲದ್ದಕ್ಕೆ ಸಿಹಿ. ಬ್ಯಾಗ್ ಎತ್ತಿ ನೋಡಿದರೆ ಅಂಚಲ್ಲಿ ಬಿಳಿ ದಾರ. ಕಂಪನಿಯವರು ಅಂಟು ಹಾಕಿ ಕೈತೊಳೆದುಕೊಳ್ತಾರೆ ಅಪ್ಪ. ಒಳಗಿದ್ದ ಎಲೆ ಹೊರಗೆ ಸುರಿದು, ಮಾಮೂಲಿ ಟೀಪುಡಿ, ಸಕ್ಕರೆ ತುಂಬಿ, ಅಂಚು ಮಡಚಿ ಹೊಲಿಯೋ ದರ್ಜಿ ನಮ್ಮನೇಲಿ ಮಾತ್ರ ಇರೋದು.

ಚೆನ್ನಾಗಿ ಬೈಯೋಣ ಅಂತಲೇ ಪೆನ್ನು ತಗೊಂಡೆ. ಆದರೆ ಆಸ್ಪತ್ರೆಯಿಂದ ಬಂದಾಗ ನಿಮಗೆ ಸೂಜಿಗೆ ದಾರ ಪೋಣಿಸೋಕೂ ಆಗ್ತಿರಲಿಲ್ಲ, ಕೈ ಅಷ್ಟು ನಡುಗ್ತಿತ್ತು. ಈ ಹೊಲಿಗೆ ಒಂದು ಕಡೆಯೂ ಸೊಟ್ಟಗಾಗಿಲ್ಲ. ಲೋಟ ಹಿಡಕೊಂಡು ಸುಮಾರು ಹೊತ್ತು ಅದನ್ನೇ ನೋಡ್ತಾ ನಿಂತಿದ್ದೆ.

ಸಕ್ಕರೆ ಡಬ್ಬ ನನ್ನ ಜೊತೆ ಡ್ಯೂಟಿಗೆ ಬರ್ತಿದೆ, ಹುಡುಕಬೇಡಿ. ಸುರಿದ ಎಲೆ ಎಲ್ಲಿದೆಯೋ ಅಲ್ಲಿಂದ ತೆಗೆದು ನೀಟಾಗಿ ಕುದಿಸಿಕೊಂಡು ಕುಡೀರಿ.

ಇನ್ನೊಂದು ಮಾತು. ನನ್ನ ಹಳೇ ಡ್ಯೂಟಿ ಕೋಟಿನ ಜೇಬು ಹರಿದು ಎಷ್ಟೋ ದಿನ ಆಯ್ತು. ನಿಮಗೆ ಹೇಳೋಕೆ ಬಾಯಿ ಬರದೆ ಪಿನ್ನು ಚುಚ್ಚಿಕೊಂಡು ಓಡಾಡ್ತಿದ್ದೆ. ನೀವು ಆಸ್ಪತ್ರೆಯಿಂದ ಬಂದಾಗಿನಿಂದ ಹೊಲಿಗೆ ಮೆಷಿನ್ನಿಗೆ ಹೊದಿಸಿದ್ದ ಬೆಡ್‌ಶೀಟ್ ತೆಗೆದಿದ್ದೀನಿ. ಕೋಟು ಮೆಷಿನ್ ಮೇಲೇ ಇದೆ.