ಅಕ್ಕನ ಮನೆಯಲ್ಲಿದ್ದ ಪ್ರತಿ

ನನ್ನ ಓಡಿಲ್,

ಮಿಸಿಸಿಪ್ಪಿಯ ಮೇಲೆ ಬೆಳಗಿನಿಂದ ಮಂಜು ಕವಿದಿದೆ. ಎದುರು ದಡ ಕಾಣಿಸುತ್ತಿಲ್ಲ. ಸರಕಿನ ದೋಣಿಗಳನ್ನು ದಡಕ್ಕೆ ಕಟ್ಟಿ, ಅವನ್ನು ತಳ್ಳುವ ನಮ್ಮ ಬೋಟಿನ ಎಂಜಿನ್ ಆರಿಸಿ ಕೂತಿದ್ದೇವೆ. ಫೋನಿನಲ್ಲಿ ಹೇಳೋಣವೆಂದರೆ ಈ ಬೋಟಿನ ಗೋಡೆಗಳಿಗೆ ಕಿವಿಯಷ್ಟೇ ಅಲ್ಲ, ಬಾಯಿಯೂ ಇದೆ. ಕ್ಯಾಪ್ಟನ್ ತನ್ನ ಹೆಂಡತಿಯ ಹತ್ತಿರ ಎರಡು ಒಳ್ಳೆಯ ಮಾತಾಡಿದ ಅಂತ ಗೊತ್ತಾದರೆ ಸಂಜೆ ಊಟದ ಹೊತ್ತಿಗೆ ಅದನ್ನು ಎಲ್ಲರ ತಟ್ಟೆಗೂ ಬಡಿಸಿರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊನ್ನೆ ಕಾಲೇಜಿನ ಸಭೆಯಲ್ಲಿ ನಿನ್ನ ಬಿಳಿ ಅಂಗಿಗೆ ನರ್ಸಿನ ಬಿಲ್ಲೆ ಚುಚ್ಚಲು ನನ್ನನ್ನೇ ವೇದಿಕೆಗೆ ಕರೆಸಿದೆಯಲ್ಲ, ಆಗ ಹೇಳಬೇಕಿದ್ದ ಮಾತುಗಳಿವು. ಅಲ್ಲಿ ಒಂದೂ ಹೊರಡಲಿಲ್ಲ. ಉಕ್ಕಿನ ಹಗ್ಗ ಎಳೆದು ಬಿಗಿಯುವ ಈ ಕೈಗಳಿಗೆ ಒಂದು ಸೂಜಿ ಹಿಡಿಯಲು ಬರಲಿಲ್ಲ. ನಿನ್ನ ಮೈಗೇ ಚುಚ್ಚಿಬಿಟ್ಟೆ. ನೀನು ನಗುತ್ತಾ, “ನನ್ ಮೊದಲ್ನೇ ರೋಗಿ ನಾನೇ ಆಗೋ ಹಾಗಿದೆ ಕಣೋ ಕ್ಲೋವಿಸ್” ಅಂದೆ. ಮುಂದಿನ ಸಾಲಿನವರೆಲ್ಲ ನಕ್ಕರು. ನಾನು ಕೆಳಗಿಳಿದು ಬಂದು ಮೂಗು ಒರೆಸಿಕೊಂಡೆ. ನೆಗಡಿ ಅಂದೆ. ನೆಗಡಿಯಲ್ಲ.

ನಡೆದದ್ದೆಲ್ಲ ನಿನಗೆ ಗೊತ್ತು. ಆದರೆ ಪಕ್ಕದಲ್ಲಿ ನಿಂತಿದ್ದವನ ಕಣ್ಣಿಗೆ ಅದು ಹೇಗೆ ಕಂಡಿತು ಅಂತ ನೀನು ಯಾವತ್ತೂ ಕೇಳಲಿಲ್ಲ. ನಿನಗೆ ಪುರುಸೊತ್ತೂ ಇರಲಿಲ್ಲ ಬಿಡು.

ಮಕ್ಕಳು ಮನೆ ಬಿಟ್ಟ ಮೇಲೆ, ವೃದ್ಧಾಶ್ರಮದಲ್ಲಿ ಮುದುಕರಿಗೆ ಸ್ನಾನ ಮಾಡಿಸಿ ಊಟ ಮಾಡಿಸುವ ಕೆಲಸದಲ್ಲಿದ್ದುಕೊಂಡೇ ನೀನು ನರ್ಸಿಂಗ್ ಓದಲು ಸೇರಿದೆ. ತರಗತಿಯಲ್ಲಿ ಅರ್ಧಕ್ಕರ್ಧ ಮಂದಿ ನಮ್ಮ ಮಗಳಿಗಿಂತ ಚಿಕ್ಕವರು. ಮೊದಲ ವರ್ಷದ ಅಂಗರಚನೆಯ ಪರೀಕ್ಷೆಗೆ ಮುಂಚೆ ನಿನ್ನ ಹಳೆಯ ಲ್ಯಾಪ್‌ಟಾಪು ಸತ್ತುಹೋಯಿತು. ಅಂಗಡಿಯವನು ಅದನ್ನು ತಿರುಗಿಸಿ ಮುರುಗಿಸಿ, “ಇದ್ರಲ್ಲಿ ಇನ್ನೇನೂ ಉಳಿದಿಲ್ಲ ಮೇಡಂ” ಅಂದ. ನೀನು ಅಳಲಿಲ್ಲ. ಮನೆಗೆ ಬಂದು ಒಂದು ರಾಶಿ ಈರುಳ್ಳಿ ಹೆಚ್ಚಿದೆ. ಅಷ್ಟು ಈರುಳ್ಳಿ ಯಾವ ಅಡುಗೆಗೂ ಬೇಕಿರಲಿಲ್ಲ. ಆಮೇಲೆ ಕೈ ತೊಳೆದು ನನ್ನ ಕಡೆ ತಿರುಗಿ, “ಒಂದೇ ಪ್ರತಿ ಇದ್ರೆ ಅದು ಇಲ್ಲ ಅಂತಲೇ ಲೆಕ್ಕ” ಅಂದೆ.

ಅಲ್ಲಿಂದ ಶುರುವಾಯಿತು ನಿನ್ನ ಭಾನುವಾರದ ವ್ರತ. ಚರ್ಚಿನಿಂದ ಬಂದು, ಒಲೆಯ ಮೇಲೆ ಗಂಬೋ ಸಾರು ಕುದಿಯಲು ಇಟ್ಟು, ಅದು ಹದಕ್ಕೆ ಬರುವಷ್ಟರಲ್ಲಿ ವಾರದ ಟಿಪ್ಪಣಿಗಳನ್ನೆಲ್ಲ ನಕಲು ಮಾಡುತ್ತಿದ್ದೆ. ಹೊಸ ಲ್ಯಾಪ್‌ಟಾಪಿನಲ್ಲಿ ಇರುವುದು ಒಂದು. ಇಂಟರ್ನೆಟ್ಟಿಗೆ ಏರಿಸುವುದು ಇನ್ನೊಂದು. ಅಂಗೈಯಗಲದ ಹಾರ್ಡ್ ಡಿಸ್ಕಿನಲ್ಲಿ ಮತ್ತೊಂದು. ಅಂಥ ಡಿಸ್ಕುಗಳು ಎರಡಿದ್ದವು. ಒಂದು ನಮ್ಮ ಮನೆಯಲ್ಲಿ, ಒಂದು ಉತ್ತರದಲ್ಲಿ, ಕಡಲಿನಿಂದ ದೂರದಲ್ಲಿರುವ ನಿನ್ನ ಮರ್ಲೀನ್ ಅಕ್ಕನ ಮನೆಯಲ್ಲಿ. ಅಕ್ಕನನ್ನು ನೋಡಲು ಹೋದಾಗಲೆಲ್ಲ ಇದನ್ನು ಅಲ್ಲಿಟ್ಟು ಅದನ್ನು ಇಲ್ಲಿಗೆ ತರುತ್ತಿದ್ದೆ.

ಇಟ್ಟು ಸುಮ್ಮನಾಗುತ್ತಲೂ ಇರಲಿಲ್ಲ. ಆಗಾಗ ಎಲ್ಲವನ್ನೂ ತೆರೆದು, ಅಕ್ಷರ ಕೆಟ್ಟಿಲ್ಲ, ಚಿತ್ರ ಒಡೆದಿಲ್ಲ ಅಂತ ನೋಡುತ್ತಿದ್ದೆ. “ಬೆಂಡೆಕಾಯಿ ಉಪ್ಪಿನಕಾಯಿ ಹಾಕಿಟ್ರೆ ಸಾಕಾ? ಮುಚ್ಚಳ ತೆಗೆದು ಮೂಸಿ ನೋಡ್ಬೇಕು” ಅನ್ನುತ್ತಿದ್ದೆ. ನಾನು, “ಲೇ, ದೇವರೇ ಒಂದೇ ಒಂದು ಭೂಮಿ ಮಾಡಿ ಸುಮ್ನಾದ. ನಿನ್ ಟಿಪ್ಪಣಿಗೆ ಇಷ್ಟೊಂದು ಪ್ರತಿಯಾ?” ಅಂದರೆ, “ಅವನ ಭೂಮಿಗೆ ನೋಹನ ಕಾಲದ ಪ್ರಳಯದಲ್ಲಿ ಏನಾಯ್ತು ನೆನಪಿಲ್ವಾ?” ಅಂತ ಸೌಟು ತೋರಿಸುತ್ತಿದ್ದೆ.

ತರಗತಿಯಲ್ಲಿ ಕಿಯಾನ ನಿನ್ನನ್ನು ಬಿಡುತ್ತಿರಲಿಲ್ಲ. ಚೂಟಿ ಹುಡುಗಿ, ನಾಲಿಗೆ ಇನ್ನೂ ಚೂಟಿ. “ಮಿಸ್ ಓಡಿಲ್, ಊಟದ ಡಬ್ಬಿಗೂ ಬ್ಯಾಕಪ್ ತಂದಿದೀರಾ? ಗಂಡಂಗೆ?” ಅಂತ ಎಲ್ಲರೆದುರು ಕೇಳುತ್ತಿದ್ದಳಂತೆ. “ಅವನಿಗೆ ಮಾತ್ರ ಒಂದೇ ಪ್ರತಿ ಸಾಕು, ಅದೇ ಜಾಸ್ತಿ” ಅಂದೆಯಂತೆ ನೀನು. ಮನೆಗೆ ಬಂದು ನೀನೇ ಹೇಳಿ ನಕ್ಕಿದ್ದೆ.

ಆಮೇಲೆ, ಕೊನೆಯ ವರ್ಷದಲ್ಲಿ, ಚಂಡಮಾರುತ ಬಂತು.

ಊರು ಖಾಲಿ ಮಾಡಿ ಎಂದು ಸಾರಿದಾಗ ನಾನು ನದಿಯ ಮೇಲಿದ್ದೆ. ದೋಣಿಗಳನ್ನು ಬಿಟ್ಟು ಬರುವಂತಿರಲಿಲ್ಲ. ಅಕ್ಕನ ಮನೆಗೆ ಹೋಗು ಎಂದು ಫೋನಿನಲ್ಲಿ ಬೇಡಿಕೊಂಡೆ. “ಆಶ್ರಮದಲ್ಲಿ ಎಲ್ಲರನ್ನೂ ಸಾಗಿಸೋಕೆ ಬಸ್ಸು ಸಾಲಲಿಲ್ಲ ಕ್ಲೋವಿಸ್. ಹಾಸಿಗೆ ಹಿಡಿದೋರು ಉಳಿದಿದಾರೆ. ಅವ್ರನ್ನ ಬಿಟ್ಟು ಹೇಗೆ ಹೋಗ್ಲಿ?” ಅಂದೆ. ಅಷ್ಟಕ್ಕೆ ಮಾತು ಕಡಿದುಹೋಯಿತು. ಆಮೇಲಿನ ದಿನಗಳು ಹೇಗೆ ಕಳೆದವು ಎಂದು ನನ್ನನ್ನು ಕೇಳಬೇಡ. ಸುದ್ದಿಯಿಲ್ಲ, ಸದ್ದಿಲ್ಲ. ನಾನು ಬೋಟಿನ ಚುಕ್ಕಾಣಿ ಹಿಡಿದು ನಿಂತು ಮೇರಿ ಮಾತೆಯ ಹೆಸರು ಹೇಳುತ್ತಿದ್ದೆ. ಮಧ್ಯೆ ಬೈಯುತ್ತಲೂ ಇದ್ದೆ, ಯಾರನ್ನು ಅಂತ ಗೊತ್ತಿಲ್ಲ.

ನೀನು ಹೇಳದೆ ಬಿಟ್ಟದ್ದನ್ನು ನಿನ್ನ ಜೊತೆ ಉಳಿದಿದ್ದ ಕಾವಲಿನವನು ಆಮೇಲೆ ನನಗೆ ಹೇಳಿದ. ನೀರು ಬಾಗಿಲಿನಿಂದ ಬಂದಾಗ ನಿನ್ನ ಚೀಲ ಕೆಳಗಿನ ಕೋಣೆಯ ಮೇಜಿನ ಮೇಲಿತ್ತು. ಲ್ಯಾಪ್‌ಟಾಪು, ಫೋನು ಎಲ್ಲ ಅದರೊಳಗೇ. ನೀವಿಬ್ಬರೂ ಮುದುಕರನ್ನು ಹೊದಿಕೆಯಲ್ಲಿ ಸುತ್ತಿ ಒಬ್ಬೊಬ್ಬರನ್ನಾಗಿ ಮಹಡಿಗೆ ಹೊರುತ್ತಿದ್ದಿರಂತೆ. “ನಿಮ್ ಚೀಲ ತರ್ಲಾ?” ಅಂತ ಅವನು ಕೇಳಿದ್ದಕ್ಕೆ, “ಚೀಲಕ್ಕೆ ಉಸಿರಾಟ ಇಲ್ಲ, ಅವ್ರಿಗಿದೆ. ಕಾಲು ಹಿಡ್ಕೋ, ಎತ್ತು” ಅಂದೆಯಂತೆ. ಎಲ್ಲರೂ ಬದುಕಿದರು. ಚೀಲ ಹೋಯಿತು.

ನಾನು ಬಂದು ನಿನ್ನನ್ನು ಕಂಡಾಗ ನಿನ್ನ ಮೈಯಿಂದ ಕೆಸರಿನ ವಾಸನೆ ಬರುತ್ತಿತ್ತು. ಇಬ್ಬರೂ ಮನೆ ನೋಡಲು ಹೋದೆವು. ಸೂರು ಹಾರಿ ಪಕ್ಕದ ಗದ್ದೆಯಲ್ಲಿ ಬಿದ್ದಿತ್ತು. ಮನೆಯಲ್ಲಿದ್ದ ಡಿಸ್ಕು ಕಪಾಟಿನ ಸಮೇತ ಕಾಣೆಯಾಗಿತ್ತು. ಕಾಲೇಜಿನ ಕಟ್ಟಡಕ್ಕೂ ನೀರು ನುಗ್ಗಿ ಅವರ ಕಂಪ್ಯೂಟರುಗಳೆಲ್ಲ ಕೆಟ್ಟಿದ್ದವು. ಪರೀಕ್ಷೆಯನ್ನು ಬೇರೆ ಊರಿಗೆ ಬದಲಿಸಿ ಸ್ವಲ್ಪವೇ ಮುಂದಕ್ಕೆ ಹಾಕಿದ್ದಾರೆ, ತಪ್ಪಿಸಿಕೊಂಡವರು ಇಡೀ ವರ್ಷ ಕಾಯಬೇಕು ಅಂತ ಸುದ್ದಿ ಬಂತು. “ಇಂಟರ್ನೆಟ್ಟಲ್ಲಿದೆಯಲ್ಲ ಚಿನ್ನ, ಅದಕ್ಕೇನೂ ಆಗಿಲ್ಲ” ಎಂದು ಸಮಾಧಾನ ಹೇಳಿದೆ.

ಅಕ್ಕನ ಊರಿಗೆ ಹೋಗುವ ದಾರಿಯಲ್ಲಿ ಸಿಗ್ನಲ್ ಸಿಕ್ಕ ಕಡೆ ನನ್ನ ಫೋನಿನಿಂದ ಇಂಟರ್ನೆಟ್ಟಿನ ಪ್ರತಿ ತೆರೆಯಲು ಪ್ರಯತ್ನ ಮಾಡಿದೆ ನೀನು. ಗುರುತಿನ ಸಂಖ್ಯೆ ಕಳಿಸಿದ್ದೇವೆ, ನಿಮ್ಮ ಫೋನು ನೋಡಿ ಅಂದಿತು ಅದು. ನಿನ್ನ ಫೋನು ನೀರಿನ ತಳದಲ್ಲಿತ್ತು. ಕಂಪನಿಗೆ ಬರೆದರೆ, ವಿಚಾರಿಸುತ್ತೇವೆ, ಕಾಯಿರಿ ಎಂಬ ಉತ್ತರ. ನೀನು ಸೀಟಿಗೆ ಒರಗಿ ಕಣ್ಣು ಮುಚ್ಚಿ, “ಮನೆಯಿದೆ, ಬೀಗ ಇದೆ, ಬೀಗದ ಕೈ ಕೆಸರಲ್ಲಿದೆ” ಅಂದೆ.

ಮರ್ಲೀನ್ ಅಕ್ಕ ಬಾಗಿಲಲ್ಲೇ ನಿನ್ನನ್ನು ತಬ್ಬಿಕೊಂಡು ಅತ್ತು, “ಮೊದ್ಲು ಸ್ನಾನ ಮಾಡು, ನೀರು ಕಾದಿದೆ” ಅಂದಳು.

“ಮೊದ್ಲು ಡಿಸ್ಕ್ ಕೊಡಕ್ಕ.”

“ಏನು ಹುಡುಗಿಯೋ! ಪ್ರಳಯ ಮುಗಿಸಿ ಬಂದಿದಾಳೆ, ಡಿಸ್ಕ್ ಅಂತೆ!” ಎಂದು ಗೊಣಗುತ್ತಾ ಹೊಲಿಗೆ ಯಂತ್ರದ ಖಾನೆಯಿಂದ ತಂದುಕೊಟ್ಟಳು. ಗುಂಡಿಗಳ ಜೊತೆ, ದಾರದ ಉಂಡೆಗಳ ಜೊತೆ ಬಿದ್ದಿತ್ತು. ನೀನು ಅದನ್ನು ಅಕ್ಕನ ಮಗಳ ಕಂಪ್ಯೂಟರಿಗೆ ಸಿಕ್ಕಿಸಿದೆ. ಪುಟ್ಟ ದೀಪ ಹತ್ತಿತು. ಅಂಗರಚನೆ, ಔಷಧ, ಶುಶ್ರೂಷೆ, ಮಕ್ಕಳ ಆರೈಕೆ, ಎಲ್ಲ ಸಾಲಾಗಿ ಬಂದು ನಿಂತವು. ನೀನು ಒಂದನ್ನು ತೆರೆದೆ, ಇನ್ನೊಂದನ್ನು ತೆರೆದೆ. ಬಾಯಿಗೆ ಕೈ ಅಡ್ಡ ಹಿಡಿದೆ. ಅಳುತ್ತೀಯ ಅಂದುಕೊಂಡೆ. “ಮಿಸೆಸ್ ಲಾಬೋವ್‌ಗೆ ಫೋನ್ ಮಾಡ್ಬೇಕು, ಎಲ್ರೂ ಎಲ್ಲೆಲ್ಲಿದಾರೆ ಅಂತ ಟೀಚರಿಗೆ ಗೊತ್ತಿರುತ್ತೆ” ಅಂದೆ.

ಓಡಿಲ್, ನಾನು ಹೆಮ್ಮೆಯಿಂದ ಬೀಗಿದ್ದು ಮೊನ್ನೆ ಬಿಲ್ಲೆ ಚುಚ್ಚಿದಾಗಲ್ಲ. ಅದು ಆಮೇಲಿನ ಮಾತು. ಅಕ್ಕನ ಅಡುಗೆಮನೆಯ ಬಾಗಿಲಲ್ಲಿ, ಆ ಕ್ಷಣ, ನನ್ನ ಎದೆ ಉಬ್ಬಿತು. ಮೈಮೇಲಿನ ಕೆಸರು ಇನ್ನೂ ಆರಿರದ ಹೆಂಗಸು, ಸಿಕ್ಕಿದ ಗಂಟನ್ನು ಎದೆಗವಚಿಕೊಳ್ಳದೆ, ಯಾರ ಕೈ ಬರಿದಾಗಿದೆ ಎಂದು ವಿಚಾರಿಸುತ್ತಿದ್ದಳು.

ಕಿಯಾನ ಟೆಕ್ಸಸ್ಸಿನಲ್ಲಿ ಯಾರದೋ ಮನೆಯ ಸೋಫಾದ ಮೇಲೆ ಮಲಗುತ್ತಿದ್ದಳು. ನೀನು ಫೋನಿನ ದನಿ ಜೋರು ಮಾಡಿ ಮೇಜಿನ ಮೇಲಿಟ್ಟು ಅಕ್ಕಿ ತೊಳೆಯುತ್ತಿದ್ದೆ, ಅದಕ್ಕೇ ನನಗೂ ಕೇಳಿಸಿತು.

“ನಾನು ಬಿಟ್ಬಿಟ್ಟೆ ಮಿಸ್ ಓಡಿಲ್. ಪುಸ್ತಕ ಇಲ್ಲ, ಏನೂ ಇಲ್ಲ. ಇಲ್ಲಿ ಕೋಳಿ ಫ್ಯಾಕ್ಟರಿಲಿ ಕೆಲ್ಸ ಕೊಡ್ತಾರಂತೆ.”

“ಕೋಳಿ ಎಲ್ಲೂ ಓಡಿ ಹೋಗಲ್ಲ ಕಣೆ. ಪರೀಕ್ಷೆ ಓಡಿ ಹೋಗುತ್ತೆ.”

ಅವಳು ಸಣ್ಣ ದನಿಯಲ್ಲಿ, “ನಿಮ್ಮನ್ನ ಎಷ್ಟು ಆಡ್ಕೊಂಡೆ ನಾನು” ಅಂದಳು.

“ಆಡ್ಕೊಂಡಿದ್ದು ಪರೀಕ್ಷೆಗೆ ಬರಲ್ಲ. ಹೃದಯ ಬರುತ್ತೆ, ಮೂತ್ರಪಿಂಡ ಬರುತ್ತೆ. ಬಸ್ಸು ಹತ್ತು. ಇಲ್ಲಿ ಮಂಚ ಇದೆ.”

ಅವಳು ಬಂದಳು. ಸೈನ್ಯ ಬಿಟ್ಟು ನಿನ್ನ ತರಗತಿಗೆ ಸೇರಿದ್ದ ವೇಡ್ ಕೂಡ ಬಂದ. ಬರಲಾಗದವರಿಗೆ ನೀನು ಪೆನ್ ಡ್ರೈವಿಗೆ ತುಂಬಿ ಅಂಚೆಯಲ್ಲಿ ಕಳಿಸಿದೆ. ಅಕ್ಕನ ಚರ್ಚಿನ ಪಾದ್ರಿ ಸಭಾಂಗಣದ ಬೀಗದ ಕೈ ಕೊಟ್ಟು, ಅಚ್ಚು ಯಂತ್ರವನ್ನೂ ಬಿಟ್ಟುಕೊಟ್ಟರು. ಆ ವಾರ ಪ್ರಾರ್ಥನೆಯ ಹಾಳೆ ಅಚ್ಚಾಗಲಿಲ್ಲವಂತೆ, ಕಾಗದವೆಲ್ಲ ನಿನ್ನ ಶ್ವಾಸಕೋಶದ ಪಾಠಕ್ಕೆ ಖರ್ಚಾಯಿತು ಎಂದು ಅಕ್ಕ ಇವತ್ತಿಗೂ ರೇಗಿಸುತ್ತಾಳೆ.

ಒಂದು ಕೊರತೆಯಿತ್ತು. ಅಕ್ಕನ ಮನೆಗೆ ನೀನು ಡಿಸ್ಕು ತಂದಿಟ್ಟ ಮೇಲೆ ನಡೆದ ಪಾಠಗಳು ಅದರಲ್ಲಿರಲಿಲ್ಲ. ನೀನು ನೆನಪಿನಿಂದ ಬರೆಯಲು ಕೂತಾಗ ಕಿಯಾನ ತಲೆ ಕೆರೆದುಕೊಳ್ಳುತ್ತಾ ತನ್ನ ಫೋನು ಮುಂದೆ ಹಿಡಿದಳು. ಬರೆದುಕೊಳ್ಳುವ ಸೋಮಾರಿತನಕ್ಕೆ ಅವಳು ಬೋರ್ಡಿನ ಫೋಟೋ ಹೊಡೆದುಕೊಂಡಿದ್ದಳು. ಎಲ್ಲವೂ ಸೊಟ್ಟ, ಕೆಲವದರಲ್ಲಿ ಮಿಸೆಸ್ ಲಾಬೋವ್ ಅವರ ಮೊಣಕೈ ಮಾತ್ರ. ಆದರೂ ಸಾಕಾಯಿತು. ನೀನು ಅವಳನ್ನು ಅಪ್ಪಿಕೊಂಡು, ಮರುಕ್ಷಣವೇ, “ಈಗ್ಲೇ ಇದನ್ನ ಇನ್ನೆರಡು ಕಡೆ ನಕಲು ಮಾಡು. ನನ್ ಮುಂದೆ ಮಾಡು” ಅಂದೆ. “ಆಯ್ತು ಮಹಾತಾಯಿ” ಅಂತ ಅವಳು ಕೈ ಮುಗಿದಳು.

ನಾನು ಆ ಹಾಳೆಗಳನ್ನು ಜೋಡಿಸಿ ಪಿನ್ನು ಹೊಡೆಯುವಾಗ ಓದಿದೆ. ನಿನ್ನ ಟಿಪ್ಪಣಿಯನ್ನು ನಾನು ಓದಿದ್ದು ಅದೇ ಮೊದಲು. ಹೃದಯ ಸೋತರೆ ಏನಾಗುತ್ತದೆ ಎಂಬಲ್ಲಿ ಬರೆದಿದ್ದೆ: ‘ನಮ್ಮೂರಿನ ಮಳೆನೀರು ಹೊರಹಾಕುವ ಪಂಪು ನಿಂತರೆ ನೀರು ಮೊದಲು ತಗ್ಗಿನ ಹಿತ್ತಿಲುಗಳಲ್ಲಿ ನಿಲ್ಲುತ್ತದೆ. ಮೈಯಲ್ಲೂ ಹಾಗೆಯೇ, ಪಾದ ನೋಡು.’ ಸಕ್ಕರೆ ಕಾಯಿಲೆಗೆ ನಮ್ಮ ಚಿಕ್ಕಪ್ಪ ಕಳೆದುಕೊಂಡ ಕಾಲಿನ ಹೆಬ್ಬೆರಳು, ಉಬ್ಬಸಕ್ಕೆ ಕಬ್ಬಿನ ಗದ್ದೆ ಸುಡುವ ಕಾಲದ ಹೊಗೆ. ಓದು ಬಿಟ್ಟು ದೋಣಿ ಹತ್ತಿದ ನನಗೂ ಅರ್ಥವಾಯಿತು. ಇದು ಕಳೆದುಹೋಗಿದ್ದರೆ ಯಾವ ಅಂಗಡಿಯಲ್ಲೂ ಮತ್ತೆ ಸಿಗುತ್ತಿರಲಿಲ್ಲ. ನೀನು ಭಾನುವಾರ ಭಾನುವಾರ ಕಾಪಾಡುತ್ತಿದ್ದದ್ದು ಏನನ್ನು ಎಂದು ಆಗ ಕಣ್ಣಿಗೆ ಬಿತ್ತು.

ವೇಡ್ ಆ ಸಲ ಪಾಸಾಗಲಿಲ್ಲ. ಪಾಪ, ಅವನ ಮನೆಯವರು ಇನ್ನೂ ಡೇರೆಯಲ್ಲಿದ್ದರು, ಓದು ತಲೆಗೆ ಹೋಗುವುದಾದರೂ ಹೇಗೆ? ಅದೇ ಹಾಳೆಗಳನ್ನು ಇಟ್ಟುಕೊಂಡು ಮತ್ತೆ ಓದುತ್ತಿದ್ದಾನೆ. ಉಳಿದವರೆಲ್ಲ ದಾಟಿದಿರಿ. ಫಲಿತಾಂಶ ನೋಡಿ ಕಿಯಾನ ಅಕ್ಕನ ಅಂಗಳದಲ್ಲಿ ನಿನ್ನನ್ನು ಎತ್ತಿ ತಿರುಗಿಸಿದಳು. “ಇಳಿಸೆ, ಸೊಂಟ ಹಿಡಿಯುತ್ತೆ!” ಅಂತ ನೀನು ಕೂಗುತ್ತಿದ್ದೆ, ಅವಳು ಬಿಡುತ್ತಿರಲಿಲ್ಲ. ಈಗ ಮೊದಲ ವರ್ಷದವರಿಗೆ ಟಿಪ್ಪಣಿ ಎಲ್ಲೆಲ್ಲಿ ಇಡಬೇಕು ಎಂದು ಪಾಠ ಹೇಳುವವಳು ಅವಳೇ ಅಂತೆ. ನಿನಗಿಂತ ಕಟ್ಟುನಿಟ್ಟಂತೆ.

ನಮ್ಮ ಮನೆಗೆ ಹೊಸ ಸೂರು ಬಂದಿದೆ. ಗೋಡೆಗೆ ಬಣ್ಣ ಆಗಬೇಕು, ನಾನು ಬಂದ ಮೇಲೆ ಹಚ್ಚುತ್ತೇನೆ. ನೀನು ಏಣಿ ಹತ್ತಬೇಡ.

ಸೋಮವಾರ ಆಸ್ಪತ್ರೆಯಲ್ಲಿ ನಿನ್ನ ಮೊದಲ ದಿನ. ನಾವು ಅಷ್ಟು ಹೊತ್ತಿಗೆ ಈ ನದಿ ಬಿಟ್ಟು ಊರಿನ ಕಾಲುವೆಗೆ ಇಳಿದಿರುತ್ತೇವೆ. ಆಸ್ಪತ್ರೆಯ ಹಿಂಭಾಗದ ಕಿಟಕಿಗಳು ಕಾಲುವೆಯ ಕಡೆಗೇ ಇವೆಯಲ್ಲ. ಅಲ್ಲಿ ದಾಟುವಾಗ ಒಂದು ಸಲ ಉದ್ದಕ್ಕೆ ಹಾರ್ನ್ ಒತ್ತುತ್ತೇನೆ. ಎದುರಿಗೆ ದೋಣಿಯಿಲ್ಲದೆ ಹಾಗೆ ಮಾಡುವಂತಿಲ್ಲ, ಗೊತ್ತು. ರೇಡಿಯೋದಲ್ಲಿ ಯಾರಾದರೂ ಏನಾಯಿತು ಕ್ಯಾಪ್ಟನ್ ಎಂದು ಕೇಳಿದರೆ, ಒಳಗೆ ನನ್ನ ಹೆಂಡತಿ ಕೆಲಸದಲ್ಲಿದ್ದಾಳೆ ಅನ್ನುತ್ತೇನೆ. ನೀನು ಕಿಟಕಿಗೆ ಬರಬೇಕಿಲ್ಲ. ಯಾರದೋ ನಾಡಿ ಹಿಡಿದಿರುತ್ತೀಯ. ಕೈ ಬಿಡಬೇಡ.

ಮಂಜು ತಿಳಿಯಾಗುತ್ತಿದೆ, ಎಂಜಿನ್ ಎಬ್ಬಿಸಬೇಕು. ನಿನ್ನ ಕೈ ಮುಟ್ಟಿದವರ ನೋವು ಇಳಿಯಲಿ, ನಿನ್ನ ಕಾಲು ನೋಯದಿರಲಿ, ಮೇರಿ ಮಾತೆ ನಿನ್ನ ಬೆನ್ನಿಗಿರಲಿ.

ಇಡೀ ನದಿಗೆ ಕೇಳುವಂತೆ ನಿನ್ನವನು,
ಕ್ಲೋವಿಸ್