ಧೈರ್ಯಕ್ಕೆ ಬ್ರೇಕಿನ ಮೇಲೊಂದು ಕಾಲು

ಅಪ್ಪಾ,

ಎದುರು ನಿಂತು ಹೇಳಲು ಬಾಯಿ ಬರುತ್ತಿಲ್ಲ. ಶೋರೂಮಿನವರ ಜೊತೆ ಜಗಳಕ್ಕೆ ಹೋಗಬೇಡಿ. ನಮ್ಮ ಹೊಸ ಹೈಬ್ರಿಡ್ ಕಾರು ಮೈಲೇಜ್ ಕೊಡದಿರುವುದಕ್ಕೆ ಕಾರಣ ನಾನು. ಮಧ್ಯಾಹ್ನ ನೀವು ಮಲಗಿದಾಗ ಅಮ್ಮನಿಗೆ ಡ್ರೈವಿಂಗ್ ಕಲಿಸುತ್ತಿದ್ದೇನೆ. ಅವಳು ಆಕ್ಸಿಲರೇಟರು, ಬ್ರೇಕು ಎರಡನ್ನೂ ಒಟ್ಟಿಗೇ ಒತ್ತುತ್ತಾಳೆ. "ಬ್ರೇಕಿಂದ ಕಾಲು ತೆಗಿಯಮ್ಮಾ" ಅಂದರೆ, "ಸುಮ್ನಿರೇ, ಧೈರ್ಯಕ್ಕೆ ಇಟ್ಕೊಂಡಿದೀನಿ" ಅನ್ನುತ್ತಾಳೆ.

ಪೆಟ್ರೋಲ್ ಉಳಿಸಲು ನೀವು ಬೆವರು ಒರೆಸಿಕೊಳ್ಳುತ್ತಾ ಓಡಿಸುವುದನ್ನು ನೋಡಲಾಗುತ್ತಿಲ್ಲ. ದಯವಿಟ್ಟು ಎಸಿ ಹಾಕಿಕೊಳ್ಳಿ.

ಅಮ್ಮನನ್ನು ಬೈಯಬೇಡಿ. ಕಣ್ಣಿನ ಡಾಕ್ಟರು ಹೇಳಿದ್ದನ್ನು ನೀವು ಮುಚ್ಚಿಟ್ಟರೂ, ನಿಮ್ಮ ಕೈಯಲ್ಲಿ ಕಾರು ಮತ್ತೆ ಮತ್ತೆ ಗೇಟಿನ ಕಂಬಕ್ಕೆ ಉಜ್ಜಿದಾಗ ಅವಳಿಗೆ ಗೊತ್ತಾಯಿತು.

"ನಿಮ್ಮಪ್ಪ ತಾವಾಗೇ ಕೀ ಕೊಡೋ ದಿನ, ನಾನು ನಂಗೆ ಬರಲ್ಲ ಅನ್ನಬಾರದು ಕಣೇ" ಅಂದಳು.

ಬೆನ್ನ ಹಿಂದೆ ಮಾಡಿದ್ದಕ್ಕೆ ತಲೆ ತಗ್ಗಿಸಿ,
ನಿಮ್ಮ ಮಗಳು