ಮೊದಲ ಲೋಟ

ಹೊಳೆಬಾಯಿಯ ಮನೆಯಿಂದ,
ತಾರೀಕು ೧೪, ಸೋಮವಾರ

ನನ್ನ ಕಪ್ಪೆಮರಿಗೆ,

ಮಾವನ ಆಶೀರ್ವಾದ. ನಾವಿಬ್ಬರೂ ನೆಟ್ಟಗಿದ್ದೇವೆ, ನೀನೂ ನೆಟ್ಟಗಿದ್ದೀಯ ಎಂದುಕೊಂಡಿದ್ದೇನೆ. ನಿನ್ನ ಕಾಗದ ಬಂದು ಬಹಳ ದಿನವಾಯಿತು, ಉತ್ತರ ತಡವಾಯಿತೆಂದು ಮುಖ ಊದಿಸಿಕೊಳ್ಳಬೇಡ. ಮೊದಲು ಪೆನ್ನು ಹಿಡಿಯುವ ಶಕ್ತಿ ಇರಲಿಲ್ಲ. ಶಕ್ತಿ ಬಂದಾಗ ಮನಸ್ಸಿರಲಿಲ್ಲ. ಎರಡೂ ಬಂದಾಗ ಪೆನ್ನೇ ಇರಲಿಲ್ಲ; ನಿನ್ನ ಅತ್ತೆ ಅದರಲ್ಲಿ ಬೆನ್ನು ತುರಿಸಿಕೊಂಡು ತಲೆದಿಂಬಿನ ಕೆಳಗೆ ಸೇರಿಸಿಟ್ಟಿದ್ದಳು. ಈಗ ಕೂತಿದ್ದೇನೆ. ಏಳನೇ ಕ್ಲಾಸಿನಲ್ಲಿ ಎರಡು ವರ್ಷ ಕೂತವನು ನಾನು, ಅಂದರೆ ನನ್ನ ಜೊತೆಯವರಿಗಿಂತ ಒಂದು ವರ್ಷ ಹೆಚ್ಚಿಗೆ ಓದಿದವನು. ತಪ್ಪಿದ್ದರೆ ತಿದ್ದಿಕೊಂಡು ಓದು.

ಅತ್ತೆ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾಳೆ. ಗೋಡೆ ಹಿಡಿದು ಅಡುಗೆಮನೆಯವರೆಗೆ ನಡೆಯುತ್ತಾಳೆ, ಅಲ್ಲಿ ನಾನು ಮಾಡಿಟ್ಟ ಅವಾಂತರ ನೋಡಿ ಬೈಯುತ್ತಾಳೆ, ಬೈದ ದಣಿವಿಗೆ ಮತ್ತೆ ಮಲಗುತ್ತಾಳೆ. ಬೈಗುಳ ದಿನದಿನಕ್ಕೆ ಉದ್ದವಾಗುತ್ತಿದೆ, ಹಾಗಾಗಿ ಗುಣವಾಗುತ್ತಿದ್ದಾಳೆ ಎಂದು ಲೆಕ್ಕ. ನನಗೇನೂ ಆಗಿಲ್ಲ, ಸ್ವಲ್ಪ ತೆಳ್ಳಗಾಗಿದ್ದೇನೆ, ಅದರಿಂದ ನನ್ನ ಚೆಂದ ಹೆಚ್ಚಿದೆ. ಆಸ್ಪತ್ರೆಯಲ್ಲಿ ಉಪ್ಪು ಸಕ್ಕರೆ ಕಲಸಿದ ನೀರು ಕೊಟ್ಟರು. ಒಂದು ಗುಟುಕು ಕುಡಿದು, “ತಾಯೀ, ಉಪ್ಪು ಒಂದು ಚಿಟಿಕೆ ಜಾಸ್ತಿಯಾಯ್ತು” ಎಂದೆ. ನರ್ಸು ಸೊಂಟದ ಮೇಲೆ ಕೈಯಿಟ್ಟು, “ಅಜ್ಜಾ, ಇಲ್ಲಿಗೆ ಬಂದಿರೋದೇ ಆ ನಾಲಿಗೆಯಿಂದ. ಮುಚ್ಕೊಂಡು ಕುಡೀರಿ” ಎಂದಳು. ಅಕ್ಕಪಕ್ಕದ ಮಂಚದವರೆಲ್ಲ ನಕ್ಕರು. ಹೊಟ್ಟೆ ಹಿಡಿದುಕೊಂಡೇ ನಕ್ಕರು, ಪಾಪ, ಅವರೆಲ್ಲ ನಮ್ಮ ಬಾವಿಯವರೇ.

ನಿನ್ನ ಕಾಗದದ ಮಾತಿಗೆ ಬರುತ್ತೇನೆ. ಊರ ಕಟ್ಟೆಯ ಪಕ್ಕ ನಿಮ್ಮ ನೀರಿನ ಇಲಾಖೆಯವರು ಹೊಸ ನಲ್ಲಿ ಹಾಕಿದ್ದಾರೆ, ಶೆಡ್ಡಿನೊಳಗೆ ಹೊಳೆಯ ನೀರನ್ನು ಸೋಸಿ ಔಷಧ ಹಾಕಿ ಬಿಡುತ್ತಾರೆ, ಆದರೆ ಜನ ಅದನ್ನು ಮುಟ್ಟುತ್ತಿಲ್ಲ, ಆಸ್ಪತ್ರೆ ನೆಲದ ವಾಸನೆ ಎನ್ನುತ್ತಾರೆ, ಮೊದಲು ನಾಲಿಗೆಮಾವ ಕುಡಿಯಲಿ ಆಮೇಲೆ ನೋಡೋಣ ಎನ್ನುತ್ತಾರೆ. ಆದ್ದರಿಂದ ಇದೇ ೨೦ರ ಭಾನುವಾರ ನೀನು ಬರುತ್ತೀಯ, ನಾನು ಎಲ್ಲರೆದುರು ನಿಂತು ಮೊದಲ ಲೋಟ ಕುಡಿಯಬೇಕು. ಇದು ತಾನೇ ನೀನು ಬರೆದದ್ದು? ಚೆನ್ನಾಗಿ ಬರೆದಿದ್ದೀಯ. “ನಿಮ್ಮ ಮಾತಿಗೆ ಇರುವ ಬೆಲೆ ನಮ್ಮ ಯಂತ್ರಕ್ಕಿಲ್ಲ ಮಾವ” ಎಂಬ ಸಾಲನ್ನು ನಾನು ಎರಡು ಸಲ ಓದಿಸಿಕೊಂಡೆ. ಅತ್ತೆ ಮೂರನೇ ಸಲ ಓದಲು ಒಪ್ಪಲಿಲ್ಲ.

ಇರುವ ಬೆಲೆ ಎಂದು ಬರೆದಿದ್ದೀಯ. ಇದ್ದ ಬೆಲೆ ಎಂದು ತಿದ್ದಿಕೊಳ್ಳಲೇ?

ನಿನಗೆ ಗೊತ್ತಿರುವುದೇ, ಆದರೂ ಹೇಳುತ್ತೇನೆ, ಹೇಳದಿದ್ದರೆ ನನಗೆ ಉಂಡದ್ದು ಜೀರ್ಣವಾಗುವುದಿಲ್ಲ. ಹೊಳೆ ಕಡಲು ಸೇರುವ ಮುಂಚೆ ಬೆರಳು ಬಿಚ್ಚಿದ ಹಾಗೆ ಕವಲಾಗುವ ಜಾಗ ನಮ್ಮದು. ನಿನ್ನ ಪುಸ್ತಕದಲ್ಲಿ ಅದಕ್ಕೆ ದೊಡ್ಡ ಹೆಸರಿತ್ತು. ನಮಗೆ ಅದು ಹೊಳೆಬಾಯಿ. ಮಳೆ ಕೈಕೊಟ್ಟ ವರ್ಷ ಹೊಳೆ ಸೊರಗುತ್ತದೆ, ಕಡಲು ಸದ್ದಿಲ್ಲದೆ ಒಳಗೆ ಬರುತ್ತದೆ. ಉಪ್ಪುನೀರು ಭಾರ, ಅದು ಕೆಳಗಿನಿಂದ ತೆವಳುತ್ತದೆ. ಸಿಹಿನೀರು ಮೇಲೆ ತೆಳ್ಳಗೆ ಹಾಸಿಕೊಂಡಿರುತ್ತದೆ. ಕಡಲ ಇಳಿತದ ಹೊತ್ತು ನೋಡಿ ದೋಣಿ ಒಯ್ದು, ಅಂಗೈಯಲ್ಲಿ ತೆಗೆದು ರುಚಿ ನೋಡುತ್ತಾ, ಇನ್ನೂ ಮೇಲಕ್ಕೆ, ಇನ್ನೂ ಮೇಲಕ್ಕೆ ಎಂದು ಹೋಗಿ, ಹಾಲಿನ ಮೇಲಿನ ಕೆನೆ ತೆಗೆದ ಹಾಗೆ ತಗ್ಗು ಪಾತ್ರೆಯಲ್ಲಿ ಮೇಲಿನ ನೀರನ್ನಷ್ಟೇ ಎತ್ತಿ ಪೀಪಾಯಿ ತುಂಬಿಸಿ ತಂದು ಊರಿಗೆಲ್ಲ ಕುಡಿಸಿದವನು ಯಾರು? ಕಳೆದ ಬೇಸಿಗೆಯಲ್ಲಿ ಬಾವಿಗಳೆಲ್ಲ ಉಪ್ಪಾಗಿ, ಸೋಪು ನೊರೆ ಬಿಡದೆ, ಬೇಳೆ ಬೇಯದೆ ಹೆಂಗಸರು ಗಂಡಂದಿರ ಮೇಲೆ ಪಾತ್ರೆ ಎಸೆಯುತ್ತಿದ್ದಾಗ ಎಷ್ಟು ಸಂಸಾರ ಉಳಿಸಿದ್ದೇನೆ ನಾನು. ಬಲೆ ಹೆಣೆಯುವ ಮುದುಕ ಮಾತ್ರ ಒಪ್ಪುವುದಿಲ್ಲ. “ನೀನೇನು ಹೊಳೇನ ಹೆತ್ತಿದ್ದೀಯೇನೋ” ಎನ್ನುತ್ತಾನೆ. ಅವನು ಕುಡಿದದ್ದೂ ನನ್ನ ಪೀಪಾಯಿಯದೇ.

ಆಮೇಲೆ ಪ್ರವಾಹ ಬಂತು. ಅಷ್ಟು ದಿನ ಒಳಗೆ ಕೂತಿದ್ದ ಕಡಲನ್ನು ಹೊಳೆ ಒದ್ದು ಹೊರಗೆ ಹಾಕಿತು. ಗದ್ದೆಯ ಗೊಬ್ಬರ, ಮೇಲಿನ ಪೇಟೆಯ ಚರಂಡಿ, ಸತ್ತ ದನ, ಯಾರದೋ ಮನೆಯ ಬಾಗಿಲು ಎಲ್ಲ ನಮ್ಮ ಅಂಗಳದಲ್ಲೇ ಹಾದುಹೋದವು. ಬಾವಿಗಳು ಕಟ್ಟೆ ಮುಳುಗಿ ತುಂಬಿದವು. ನೀರು ಇಳಿದು, ಕೆಸರು ಕೆಳಗೆ ಕೂತು, ದೊಡ್ಡ ಬಾವಿ ತಿಳಿಯಾದಾಗ ಇಣುಕಿದರೆ ಹಲ್ಲು ಎಣಿಸಿಕೊಳ್ಳುವಷ್ಟು ಸ್ವಚ್ಛ. ನೀನೂ ಆಗಲೇ ಬಂದೆ. ನಮ್ಮನ್ನು ನೋಡಲು ಬಂದೆ ಎಂದುಕೊಂಡೆವು.

ಬಂದ ಸಂಜೆಯೇ ನೀನು ದೊಡ್ಡ ಬಾವಿಯಿಂದ ಒಂದು ಚಿಕ್ಕ ಬಾಟಲಿ ತುಂಬಿಸಿ ಅಡುಗೆಮನೆ ಕಿಟಕಿಯಲ್ಲಿ ಇಟ್ಟೆ. ಮಾರನೆಯ ದಿನ ಅದು ಕಪ್ಪಗಾಗಿತ್ತು. “ಇದೇನೇ, ಡಿಕಾಕ್ಷನ್ನಾ?” ಎಂದು ನಾನು ಕೇಳಿದೆ. ನೀನು ನಕ್ಕೆ. “ಆಫೀಸಿಂದು ಮಾವ” ಎಂದು ಬ್ಯಾಗಿನೊಳಗೆ ಹಾಕಿದೆ. ಕಪ್ಪಾದರೆ ನೀರು ಕೆಟ್ಟಿದೆ ಎಂದು ಅರ್ಥವಂತೆ, ಕಣ್ಣಿಗೆ ಕಾಣದ ಹೊಲಸು ಇದೆ ಎಂದು ಅರ್ಥವಂತೆ. ನಿನ್ನ ಬಾಯಿಂದ ಅಲ್ಲ, ನಿಮ್ಮ ಸಾಹೇಬರ ಬಾಯಿಂದ ಕೇಳಿದೆ, ಆಸ್ಪತ್ರೆಯ ಮಂಚದ ಮೇಲೆ ಮಲಗಿಕೊಂಡು.

ಯಾಕೆಂದರೆ ಆ ಮಧ್ಯಾಹ್ನವೇ ಜನ ದೊಡ್ಡ ಬಾವಿಯ ಹತ್ತಿರ ಸೇರಿದರು. ಪ್ರವಾಹ ಇಳಿದ ಮೇಲೆ ನಾನು ಮೊದಲ ಲೋಟ ಕುಡಿಯದೆ ಯಾರೂ ಕೊಡ ಇಳಿಸುವುದಿಲ್ಲ, ಅದು ನಮ್ಮಪ್ಪನ ಕಾಲದಿಂದ ನಡೆದುಬಂದದ್ದು. ನಾನು ಒಗೆದ ಅಂಗಿ ಹಾಕಿಕೊಂಡಿದ್ದೆ. ಕುಡಿದೆ. ನಾಲಿಗೆಯ ತುದಿಯಲ್ಲಿ ಇಲ್ಲ, ಅಂಚಿನಲ್ಲಿ ಇಲ್ಲ, ಗಂಟಲಲ್ಲೂ ಇಲ್ಲ. ಒಂದು ಹರಳು ಉಪ್ಪಿರಲಿಲ್ಲ. ಎಷ್ಟೋ ತಿಂಗಳ ಮೇಲೆ ಅಷ್ಟು ಸಿಹಿಯಾದ ನೀರು. ನನ್ನ ನಾಲಿಗೆ ಸುಳ್ಳು ಹೇಳಲಿಲ್ಲ, ಈಗಲೂ ಹೇಳುತ್ತೇನೆ. ಅದನ್ನು ಕೇಳದೆ ಇದ್ದ ಪ್ರಶ್ನೆಗೆ ಅದು ಹೇಗೆ ಉತ್ತರ ಹೇಳೀತು?

“ಎರಡನೇ ಲೋಟ ನಮ್ಮ ಹುಡುಗಿಗೆ. ನನ್ನ ನಂತರ ನಾಲಿಗೆ ಇವಳದೇ” ಎಂದು ನಿನ್ನ ಕೈಗೆ ಕೊಟ್ಟೆ. ನೀನು ಫ್ರಾಕು ಹಾಕುವ ವಯಸ್ಸಿನಲ್ಲಿ ಮೂರು ಚೊಂಬು ಇಟ್ಟು, ಕಣ್ಣು ಕಟ್ಟಿ, ಯಾವುದು ಹೊಳೆ, ಯಾವುದು ಬಾವಿ, ಯಾವುದು ಮಳೆ ಎಂದು ಕಲಿಸಿದವನು ನಾನು. ನೀನು ಎಂದೂ ತಪ್ಪಲಿಲ್ಲ. ಅದು ನೆನಪಾಗಿ ನನಗೆ ಅಲ್ಲೇ ಕಣ್ಣು ಒದ್ದೆಯಾಯಿತು, ಎದುರು ನಿಂತಿದ್ದ ದೋಣಿಯವನ ಹೆಂಡತಿಗೆ ಕಾಣದಿರಲೆಂದು ಬೇರೆ ಕಡೆ ತಿರುಗಿಕೊಂಡೆ. ತಿರುಗಿದ್ದಾಗಲೇ ನಿನ್ನ ದನಿ ಕೇಳಿತು. “ಸಿಹಿಯಾಗಿದೆ ಮಾವ.” ಕೊಡಗಳು ಇಳಿದವು.

ಮುಂದಿನದು ನಿನಗೆ ಗೊತ್ತು. ನೀನು ದೋಣಿ ಹಿಡಿದು ನಿನ್ನ ಕೆಲಸದ ಊರಿಗೆ ಹಿಂತಿರುಗಿದೆ, ನಾವು ಹಿತ್ತಲಿಗೆ ಓಡಲು ಶುರುಮಾಡಿದೆವು. ಅತ್ತೆಯ ಕೈಯಲ್ಲಿ ನರ ಸಿಗದೆ ಮೂರು ಕಡೆ ಚುಚ್ಚಿದರು. ಕಣ್ಣು ಒಳಗೆ ಹೋಗಿ ಬೇರೆ ಯಾರೋ ಆಗಿದ್ದಳು, ನನ್ನನ್ನು ನೋಡಿ “ದೋಣಿ ಕಟ್ಟಿದ್ರಾ” ಎಂದು ಕೇಳುತ್ತಿದ್ದಳು, ಎಷ್ಟು ಸಲ “ಕಟ್ಟಿದೆ ಕಣೇ” ಎಂದರೂ ಮತ್ತೆ ಅದನ್ನೇ. ನಿಮ್ಮ ಸಾಹೇಬರು ಬಂದು ದೊಡ್ಡ ಬಾವಿಗೆ ಹಲಗೆ ಹೊಡೆಸಿ ಕೆಂಪು ಬಣ್ಣ ಬಳಿಸಿದರು. ಆಸ್ಪತ್ರೆಯಲ್ಲಿ ನನ್ನ ಮಂಚದ ಹತ್ತಿರ ನಿಂತು ಬಹಳ ಮರ್ಯಾದೆಯಿಂದಲೇ ಹೇಳಿದರು: “ನಿಮ್ಮ ಸೋದರ ಸೊಸೆ ಆವತ್ತೇ ನಮಗೆ ಫೋನ್ ಮಾಡಿದ್ರು, ಬಾಟಲಿ ಕಪ್ಪಾಗಿದೆ ಅಂತ. ರಸ್ತೆ ಕೊಚ್ಚಿಹೋಗಿತ್ತು, ನಾವು ಬರೋದು ತಡ ಆಯ್ತು. ನಿಮಗೆ ಹೇಳಿರ್ತಾರೆ ಅಂದ್ಕೊಂಡಿದ್ವಿ.”

“ಹೇಳಿದ್ಲು, ನಾನೇ ಕೇಳಲಿಲ್ಲ” ಎಂದೆ. ನೋಡು, ಆಗಲೂ ನಿನ್ನನ್ನು ಬಿಟ್ಟುಕೊಡಲಿಲ್ಲ. ಬಲೆ ಹೆಣೆಯುವ ಮುದುಕ ಪಕ್ಕದ ಮಂಚದಲ್ಲೇ ಇದ್ದ. ಊರೆಲ್ಲ ಆ ಮಾತು ಹರಡಿತು. ಓದಿದ ಹುಡುಗಿ ಬೇಡ ಎಂದರೂ ಈ ಜಂಬದ ಕೋಳಿ ಊರಿಗೆಲ್ಲ ವಿಷ ಕುಡಿಸಿತು ಎಂದು. ಈಗ ನಾನು ಕಟ್ಟೆಗೆ ಹೋದರೆ ಕೂತಿದ್ದವರಿಗೆ ಏನೋ ಕೆಲಸ ನೆನಪಾಗುತ್ತದೆ. ನಾನು ಮೊದಲು ಕುಡಿಯಲಿ ಎನ್ನುವುದು ನನ್ನ ಮೇಲಿನ ನಂಬಿಕೆಯಿಂದ ಅಲ್ಲ ಮರಿ, ಈ ಸಲವಾದರೂ ಒಬ್ಬನೇ ಸಾಯಲಿ ಎಂದು.

ಯಾಕೆ ಹೇಳಲಿಲ್ಲ ಎಂದು ನಾನೇ ನಿನ್ನ ಪರವಾಗಿ ಯೋಚಿಸಿದೆ. ಅಷ್ಟು ಜನರ ಮುಂದೆ ಮಾವನ ಮೂಗು ಕತ್ತರಿಸುವುದು ಬೇಡ ಎಂದುಕೊಂಡಿರಬೇಕು. ಸಾಹೇಬರು ಮಾರನೆಯ ದಿನ ಬಂದೇ ಬರುತ್ತಾರೆ, ಸರಕಾರ ಮುಚ್ಚಿಸಿತು ಎಂದಾಗುತ್ತದೆ, ಮಾವನ ಮಾನ ಉಳಿಯುತ್ತದೆ ಎಂದುಕೊಂಡಿರಬೇಕು. ಒಳಗೆ ಕರೆದು ಕಿವಿಯಲ್ಲಿ ಹೇಳಿದ್ದರೆ ಸಾಕಿತ್ತು. ಕಾಲು ಉಳುಕಿತು ಎಂದು ಮಲಗಿಬಿಡುತ್ತಿದ್ದೆ, ನಾಟಕದಲ್ಲಿ ನನ್ನನ್ನು ಮೀರಿಸುವವರು ಯಾರಿದ್ದಾರೆ? ಅಷ್ಟನ್ನೂ ಹೇಳಬಾರದವನಾದೆನೇ ನಾನು ನಿನಗೆ?

ಆದರೂ ಒಂದು ಮಾತಿನ ಮೇಲೆ ನನ್ನ ಮನಸ್ಸು ನಿಂತಿದೆ. ಬಾಟಲಿ ಕಪ್ಪಾದದ್ದನ್ನು ಕಂಡೂ ನೀನು ನಮ್ಮ ಜೊತೆ ಅದೇ ನೀರು ಕುಡಿದೆ. ಮಾವ ಅತ್ತೆಗೆ ಆದದ್ದು ನನಗೂ ಆಗಲಿ ಎಂದು ಕುಡಿದೆ. ಅಲ್ಲಿ ನಿನಗೂ ಹೊಟ್ಟೆ ಕೆಟ್ಟಿರಬೇಕು, ಕಾಗದದಲ್ಲಿ ಬರೆಯಲು ನಾಚಿಕೊಂಡಿದ್ದೀಯ. ಅದನ್ನು ನೆನೆದಾಗೆಲ್ಲ ಸಿಟ್ಟು ಇಳಿಯುತ್ತದೆ. ಆದ್ದರಿಂದ ಭಾನುವಾರ ಬಾ. ನಿನ್ನ ನಲ್ಲಿಯ ನೀರು ಎಷ್ಟೇ ಕೆಟ್ಟ ವಾಸನೆ ಹೊಡೆಯಲಿ, ಒಂದಲ್ಲ ಎರಡು ಲೋಟ ಕುಡಿದು ಮೀಸೆ ಒರೆಸಿಕೊಂಡು ತೋರಿಸುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಕೈಯಿಟ್ಟ ಕೆಲಸ ಕೈಗೂಡಲಿ, ನೂರು ಕಾಲ ಬಾಳು.

ಇಂತಿ ನಿನ್ನ
ನಾಲಿಗೆಮಾವ

ಮರೆತ ಮಾತು: ಮರೆತದ್ದಲ್ಲ, ಈಗ ತಿಳಿದದ್ದು. ಕಾಗದ ಮುಗಿಸಿ, ಎಂದಿನ ಹಾಗೆ ಅತ್ತೆಗೆ ಓದಿ ಹೇಳಿದೆ. ಜಂಬ ಇರುವಲ್ಲೆಲ್ಲ ನಕ್ಕಳು. ನೀನೂ ನಮ್ಮ ಜೊತೆ ಕುಡಿದೆ ಎಂಬಲ್ಲಿಗೆ ಬಂದಾಗ ಗೋಡೆ ಕಡೆ ಹೊರಳಿದಳು.

“ಆ ಸಾಲು ತೆಗೆದುಬಿಡ್ರೀ.”

“ಯಾಕೆ? ಇರೋದ್ರಲ್ಲಿ ಅದೇ ಚೆನ್ನಾಗಿದೆ.”

“ಚೆನ್ನಾಗಿದೆ. ನಿಜ ಅಲ್ಲ.”

ನೀನು ಲೋಟವನ್ನು ತುಟಿಗೆ ತಂದೆಯಂತೆ, ಗಂಟಲು ಆಡಲಿಲ್ಲವಂತೆ. ಸಿಹಿಯಾಗಿದೆ ಎಂದು ಹೇಳಿ ಇಳಿಸಿದಾಗ ಲೋಟ ತುಂಬಿಯೇ ಇತ್ತಂತೆ. ಪಕ್ಕದಲ್ಲಿ ನಿಂತಿದ್ದ ಅತ್ತೆ ಕೈ ಚಾಚಿದಳು. “ಅವಳು ಲೋಟ ಬಿಡಲೇ ಇಲ್ಲ ಕಣ್ರೀ, ನಾನೇ ಎಳ್ಕೊಂಡೆ. ಬಿಸಿಲಿತ್ತು, ಬಾಯಾರಿತ್ತು. ಮಗು ಕೈಯಿಂದ ಬಂದಿದ್ದು ಅಂತ ಪೂರ್ತಿ ಕುಡಿದೆ. ಅವಳು ನನ್ನ ಮುಖಾನೇ ನೋಡ್ತಾ ಇದ್ಲು.” ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದರೆ, “ನೀವು ಅವಳಿಗೆ ಕಾಗದ ಬರೆಯೋದು ನಿಲ್ಲಿಸ್ತೀರ ಅಂತ” ಎಂದಳು.

ನನ್ನಿಂದ ಮುಚ್ಚಿಟ್ಟದ್ದನ್ನು ನನ್ನ ಮರ್ಯಾದೆ ಉಳಿಸಲಿಕ್ಕೆ ಎಂದು ಮರೆಯುತ್ತಿದ್ದೆ. ಅತ್ತೆ ಕುಡಿಯುವಾಗ ನೋಡುತ್ತಾ ನಿಂತೆಯಲ್ಲ, ಅದಕ್ಕೆ ಏನು ಹೆಸರಿಡಲಿ?

ಸಾಲು ತೆಗೆದಿಲ್ಲ, ಓದಿಕೋ. ಭಾನುವಾರ ಬಾ. ಊರಿನವರೆಲ್ಲ ಬರುವ ಹಾಗೆ ನಾನು ಮಾಡುತ್ತೇನೆ. ಆದರೆ ಈ ಸಲ ಮೊದಲ ಲೋಟ ನಿನ್ನದು. ನಾನು ಬೇರೆ ಕಡೆ ತಿರುಗುವುದಿಲ್ಲ. ನಿನ್ನ ಗಂಟಲನ್ನೇ ನೋಡುತ್ತಿರುತ್ತೇನೆ.